ಗಾಡಿಯ ಮೇಲೊಂದು ಗಾಡಿ

1868ರ ಏಪ್ರಿಲ್ 15ರಂದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಕಾಂಕರ್ಡ್ ಊರಿನಿಂದ ಒಂದು ವಿಶೇಷ ರೈಲು ಹೊರಟಿತು. ಅದರಲ್ಲಿ ಹದಿನೈದು ಬಯಲು ವ್ಯಾಗನ್‌ಗಳಿದ್ದವು. ಗೋಡೆ ಇಲ್ಲ, ಚಾವಣಿ ಇಲ್ಲ, ಬರೀ ಹಲಗೆಯ ನೆಲ. ಒಂದೊಂದರ ಮೇಲೆ ಎರಡೆರಡರಂತೆ ಮೂವತ್ತು ಸಾರೋಟುಗಳು ಸಾಲಾಗಿ ಕೂತಿದ್ದವು. ಜೊತೆಗಿದ್ದ ನಾಲ್ಕು ಮುಚ್ಚಿದ ಡಬ್ಬಿಗಳಲ್ಲಿ ಕುದುರೆಗಳ ಸರಂಜಾಮು ತುಂಬಿತ್ತು. ಅಬಟ್-ಡೌನಿಂಗ್ ಕಂಪನಿ ಕಟ್ಟಿದ ಈ ಗಾಡಿಗಳನ್ನು ಕೊಂಡಿದ್ದು ವೆಲ್ಸ್ ಫಾರ್ಗೊ. ಸೇರಬೇಕಾದ ಊರು ಒಮಾಹಾ. ಪೂರ್ವ ಪಶ್ಚಿಮ ಕರಾವಳಿಗಳನ್ನು ಜೋಡಿಸುವ ರೈಲು ಹಳಿ ಇನ್ನೂ ಪೂರ್ತಿಯಾಗಿರಲಿಲ್ಲ. ಹಳಿ ಮುಗಿದಲ್ಲಿಂದ ಮುಂದೆ ಜನರನ್ನೂ ಟಪಾಲನ್ನೂ ಒಯ್ಯಲು ಕುದುರೆಗಳೇ ಬೇಕಿದ್ದವು. ಗಾಡಿಗಳಿಗೆ ಬಣ್ಣ ಬಳಿಯುತ್ತಿದ್ದ ಕಲಾವಿದ ಜಾನ್ ಬರ್ಗಮ್ ಆ ರೈಲಿನ ಚಿತ್ರವನ್ನೂ ಬರೆದ.

ಆ ಚಿತ್ರ ನೋಡಿದಾಗಲೆಲ್ಲ ನನ್ನ ಕಣ್ಣು ಬಣ್ಣದ ಮೇಲೆ ನಿಲ್ಲುವುದಿಲ್ಲ, ಚಕ್ರಗಳ ಬುಡಕ್ಕೆ ಹೋಗುತ್ತದೆ. ಒಂದು ಟನ್ನಿಗೂ ಹೆಚ್ಚು ತೂಗುವ ಗಾಡಿ. ಹಗುರವಾಗಿ ಉರುಳಲಿ ಎಂದು ಬಡಗಿಯೂ ಕಮ್ಮಾರನೂ ತಮ್ಮ ಬುದ್ಧಿಯನ್ನೆಲ್ಲ ಅದಕ್ಕೆ ಸುರಿದಿದ್ದಾರೆ. ಅದರ ಮೈಯನ್ನು ದಪ್ಪ ತೊಗಲಿನ ಪಟ್ಟಿಗಳ ಮೇಲೆ ತೊಟ್ಟಿಲಿನಂತೆ ತೂಗುಬಿಟ್ಟಿದ್ದಾರೆ. ತಿರುವು ಬಂದಾಗ ಮುಂದಿನ ಅಚ್ಚು ತಾನಾಗಿ ಹೊರಳುವಂತೆ ಮಾಡಿದ್ದಾರೆ. ಈಗ ಅದೇ ಗಾಡಿಯನ್ನು ಇನ್ನೊಂದು ಗಾಡಿಯ ಮೇಲೆ ಹತ್ತಿಸಿ, ಉರುಳಬೇಡ, ತೂಗಬೇಡ, ಹೊರಳಬೇಡ ಎನ್ನಬೇಕು. ಹಾಗೆನ್ನುವಾಗ ಅದರ ಒಂದು ಕೀಲೂ ನೋಯಬಾರದು.

ಈ ಕೆಲಸ ಇಂದಿಗೂ ನಡೆದಿದೆ. ರೈಲಿನ ಜಾಗಕ್ಕೆ ಟ್ರೇಲರ್ ಬಂದಿದೆ, ಅಷ್ಟೆ. ಯುರೋಪು, ಅಮೆರಿಕಗಳಲ್ಲಿ ಸಾರೋಟು ಓಡಿಸುವುದು ಗಂಭೀರವಾದ ಕ್ರೀಡೆ. ಬ್ರಿಟನ್ನಿನ ರಾಜಕುಮಾರ ಫಿಲಿಪ್ ಅಂತರರಾಷ್ಟ್ರೀಯ ಕುದುರೆ ಕ್ರೀಡಾ ಒಕ್ಕೂಟದ ಅಧ್ಯಕ್ಷನಾಗಿದ್ದಾಗ ಅದಕ್ಕೆ ನಿಯಮಾವಳಿ ಬಂತು. ಪೈಪೋಟಿಗೆ ಹೋಗುವವರು ಕುದುರೆಗಳ ಜೊತೆ ಗಾಡಿಯನ್ನೂ ನೂರಾರು ಕಿಲೋಮೀಟರ್ ಸಾಗಿಸಬೇಕು. ಮ್ಯಾರಥಾನ್ ಸುತ್ತಿನಲ್ಲಿ ಜೋಡಿ ಕುದುರೆಯ ಗಾಡಿ ಕನಿಷ್ಠ 350 ಕಿಲೋ ತೂಗಬೇಕೆಂಬುದು ಆ ಕ್ರೀಡೆಯ ನಿಯಮ. ಈ ಅಧ್ಯಾಯದ ಲೆಕ್ಕಗಳಿಗೆಲ್ಲ ನಾವೂ 350 ಕಿಲೋ ತೂಕದ ಗಾಡಿಯನ್ನೇ ಇಟ್ಟುಕೊಳ್ಳೋಣ.

ಮೊದಲು ಚಕ್ರ. ಜಟಕಾ ಗಾಡಿಯ ಚಕ್ರ ಅಷ್ಟು ದೊಡ್ಡದೇಕೆ ಎಂದು ಮೈಸೂರಿನಲ್ಲಿ ಟಾಂಗಾ ಹತ್ತಿದ ಮಕ್ಕಳು ಕೇಳಿಯೇ ಇರುತ್ತಾರೆ. ದೊಡ್ಡ ಚಕ್ರ ಕಲ್ಲನ್ನು ಸುಲಭವಾಗಿ ಹತ್ತಿ ಇಳಿಯುತ್ತದೆ. ಸಣ್ಣ ಚಕ್ರಕ್ಕೆ ಗೋಡೆಯಂತೆ ಎದುರಾಗುವ ಕಲ್ಲು ದೊಡ್ಡ ಚಕ್ರಕ್ಕೆ ಬರೀ ಒಂದು ಇಳಿಜಾರು. ರಸ್ತೆಯಲ್ಲಿ ಇದು ಕುದುರೆಗೆ ಮಾಡಿದ ಉಪಕಾರ. ಟ್ರೇಲರಿನ ಮೇಲೆ ಇದೇ ಗುಣ ತೊಡಕಾಗುತ್ತದೆ. ನಾವು ಚಕ್ರಕ್ಕೆ ಅಡ್ಡ ಕೊಡುವ ಮರದ ತುಂಡೂ ಚಕ್ರದ ಮಟ್ಟಿಗೆ ಒಂದು ಕಲ್ಲೇ ತಾನೆ? ಅದನ್ನೂ ಅದು ಹತ್ತಿ ಇಳಿಯಲು ನೋಡುತ್ತದೆ.

ಎಷ್ಟು ಎತ್ತರದ ಅಡ್ಡ ಸಾಕು ಎಂಬುದನ್ನು ಲೆಕ್ಕ ಹಾಕಬಹುದು. ಲಾರಿ ಸರಕಿನ ಸುರಕ್ಷತೆಗೆ ಅಮೆರಿಕದಲ್ಲೂ ಯುರೋಪಿನಲ್ಲೂ ಹೆಚ್ಚುಕಡಿಮೆ ಒಂದೇ ಅಳತೆಯಿದೆ. ಜೋರಾಗಿ ಬ್ರೇಕ್ ಹಾಕಿದಾಗ ಸರಕು ತನ್ನ ತೂಕದ 0.8ರಷ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ, ತಿರುವಿನಲ್ಲಿ 0.5ರಷ್ಟು ಬಲದಿಂದ ಪಕ್ಕಕ್ಕೆ ಎಳೆಯುತ್ತದೆ ಎಂದು ಇಟ್ಟುಕೊಂಡು ಕಟ್ಟಬೇಕು. ನಮ್ಮ 350 ಕಿಲೋ ಗಾಡಿ ಮುಂದಕ್ಕೆ ನುಗ್ಗುವ ಬಲ 280 ಕಿಲೋ. ಚಕ್ರದ ತ್ರಿಜ್ಯ 60 ಸೆಂಟಿಮೀಟರ್ ಇದ್ದರೆ 5 ಸೆಂಟಿಮೀಟರಿನ ಅಡ್ಡವನ್ನು ಗಾಡಿ ತನ್ನ ತೂಕದ 0.44ರಷ್ಟು ಬಲಕ್ಕೇ ಹತ್ತಿಬಿಡುತ್ತದೆ. 0.8ಕ್ಕೂ ಜಗ್ಗದೆ ನಿಲ್ಲಬೇಕಾದರೆ ಅಡ್ಡ 13 ಸೆಂಟಿಮೀಟರ್ ಎತ್ತರ ಇರಬೇಕು. ತ್ರಿಜ್ಯ 20 ಸೆಂಟಿಮೀಟರಿನ ಚಕ್ರಕ್ಕಾದರೆ ನಾಲ್ಕೂವರೆ ಸೆಂಟಿಮೀಟರ್ ಸಾಕಿತ್ತು. ಕೈಗೆ ಸಿಕ್ಕ ಕಲ್ಲನ್ನು ಚಕ್ರಕ್ಕೆ ಕೊಟ್ಟು ನಿಶ್ಚಿಂತರಾಗುವ ಅಭ್ಯಾಸ ಸಾರೋಟಿನ ವಿಷಯದಲ್ಲಿ ಅಪಾಯ ಎನ್ನುವುದು ಇದಕ್ಕೇ. ಚಕ್ರ ಎಷ್ಟು ದೊಡ್ಡದೋ ಬೆಣೆಯೂ ಅಷ್ಟು ದೊಡ್ಡದಿರಬೇಕು. ಆ ಬೆಣೆ ತಾನೇ ಜಾರದಂತೆ ಅದನ್ನು ನೆಲಕ್ಕೆ ಬಿಗಿದಿರಲೂ ಬೇಕು.

ಬೆಣೆಯ ಮಾತು ಬರುವುದು ಗಾಡಿ ಮೇಲೆ ಹತ್ತಿದ ನಂತರ. ಹತ್ತಿಸುವುದು ಹೇಗೆ? ಟ್ರೇಲರಿನ ನೆಲ 60 ಸೆಂಟಿಮೀಟರ್ ಎತ್ತರದಲ್ಲಿದ್ದು, ಇಳಿಜಾರು ಹಲಗೆ 3 ಮೀಟರ್ ಉದ್ದವಿದ್ದರೆ ಗಾಡಿಯ ತೂಕದ ಐದನೆಯ ಒಂದು ಭಾಗವನ್ನು, ಅಂದರೆ 70 ಕಿಲೋ ಬಲವನ್ನು ಎಳೆದರಾಯಿತು. ಇಬ್ಬರು ಮಾಡಬಹುದಾದ ಕೆಲಸ. ಹಲಗೆ ಒಂದೂವರೆ ಮೀಟರಿನದಾದರೆ 140 ಕಿಲೋ ಬೇಕು. ಕಷ್ಟ ಇರುವುದು ಹತ್ತಿಸುವುದರಲ್ಲಲ್ಲ, ಇಳಿಸುವುದರಲ್ಲಿ. ಹತ್ತಿಸುವಾಗ ಕೈಸೋತರೆ ಗಾಡಿ ಒಂದು ಕ್ಷಣ ನಿಂತು, ಆಮೇಲೆ ಹಿಂದಕ್ಕೆ ಉರುಳತೊಡಗುತ್ತದೆ. ಇಳಿಸುವಾಗ ಕೈಸೋತರೆ ಅದು ಓಡುತ್ತದೆ, ಓಡುವ ಗಾಡಿಯ ಮುಂದೆ ಮನುಷ್ಯ ನಿಂತಿರುತ್ತಾನೆ.

ಈ ಸಮಸ್ಯೆಯನ್ನು ಚೆನ್ನಾಗಿ ಬಿಡಿಸಿದವರು ಸರ್ಕಸ್ಸಿನವರು. 1872ರಲ್ಲಿ ಪಿ. ಟಿ. ಬಾರ್ನಮ್‌ನ ಸರ್ಕಸ್ಸು ರೈಲು ಹತ್ತಿತು. ಅವನ ಪಾಲುದಾರ ಡಬ್ಲ್ಯು. ಸಿ. ಕೂಪ್ ಬಂಡಿಗಳನ್ನು ರೈಲಿನ ಒಂದು ತುದಿಯಿಂದ ಹತ್ತಿಸಿ, ವ್ಯಾಗನ್ನಿನಿಂದ ವ್ಯಾಗನ್ನಿಗೆ ಕಬ್ಬಿಣದ ಹಲಗೆ ಹಾಸಿ, ಉದ್ದಕ್ಕೂ ಉರುಳಿಸಿಕೊಂಡು ಹೋಗುವ ವಿಧಾನ ರೂಢಿಗೆ ತಂದ. ಪಕ್ಕದಲ್ಲಿ ನೆಲದ ಮೇಲೆ ಕುದುರೆಗಳು ಹಗ್ಗದಿಂದ ಎಳೆಯುತ್ತಿದ್ದವು, ಮೇಲೊಬ್ಬ ಆಳು ಬಂಡಿಯ ಮೂಕಿ ಹಿಡಿದು ದಾರಿ ತೋರುತ್ತಿದ್ದ. ಇಳಿಸುವಾಗ ಮಾತ್ರ ಕುದುರೆಯನ್ನು ನಂಬುತ್ತಿರಲಿಲ್ಲ. ಒಂದು ಗಟ್ಟಿ ಗೂಟಕ್ಕೆ ಹಗ್ಗವನ್ನು ಎರಡು ಮೂರು ಸುತ್ತು ಹಾಕಿ, ತುದಿಯನ್ನು ಒಬ್ಬನೇ ಮನುಷ್ಯ ಹಿಡಿದು ಸ್ವಲ್ಪ ಸ್ವಲ್ಪವೇ ಬಿಡುತ್ತಿದ್ದ.

ನಾಲ್ಕು ಟನ್ನಿನ ಬಂಡಿಯನ್ನು ಒಬ್ಬ ಹಿಡಿಯುವುದು ಹೇಗೆ ಸಾಧ್ಯ? ಬಾವಿಯ ರಾಟೆಗೆ ಹಗ್ಗ ಹಾಕಿದವರಿಗೂ ತೆಪ್ಪವನ್ನು ಗೂಟಕ್ಕೆ ಕಟ್ಟಿದವರಿಗೂ ಉತ್ತರ ಕೈಯಲ್ಲಿ ಗೊತ್ತಿರುತ್ತದೆ. ಹಗ್ಗದ ಪ್ರತಿಯೊಂದು ಇಂಚೂ ಗೂಟವನ್ನು ಅಪ್ಪಿ ಒಂದಷ್ಟು ಎಳೆತವನ್ನು ತಾನೇ ನುಂಗುತ್ತದೆ. ಉಳಿದದ್ದರಲ್ಲಿ ಮುಂದಿನ ಇಂಚು ಇನ್ನಷ್ಟು ನುಂಗುತ್ತದೆ. ಹೀಗಾಗಿ ಸುತ್ತು ಹೆಚ್ಚಿದಂತೆ ಹಿಡಿತ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. ಗಣಿತಜ್ಞ ಆಯ್ಲರನ ಹೆಸರಿನಲ್ಲಿರುವ ಸೂತ್ರ ಹೇಳುವುದು ಇದನ್ನೇ. ಹಗ್ಗಕ್ಕೂ ಗೂಟಕ್ಕೂ ನಡುವಿನ ಘರ್ಷಣಾಂಕ 0.3 ಇದ್ದರೆ ಒಂದು ಸುತ್ತಿಗೆ ಆರೂವರೆ ಪಟ್ಟು, ಎರಡು ಸುತ್ತಿಗೆ 43 ಪಟ್ಟು, ಮೂರಕ್ಕೆ 285 ಪಟ್ಟು. ನಾಲ್ಕು ಟನ್ನಿನ ಬಂಡಿ ಐದಕ್ಕೊಂದರ ಇಳಿಜಾರಿನಲ್ಲಿ 800 ಕಿಲೋ ಬಲದಿಂದ ಎಳೆಯುತ್ತದೆ. ಎರಡು ಸುತ್ತು ಹಾಕಿದವನ ಕೈಗೆ ಬರುವುದು 19 ಕಿಲೋಗಿಂತ ಕಡಿಮೆ. ಇಂದಿನ ಟ್ರೇಲರಿನ ಮುಂದುಗಡೆ ಇರುವ ಕೈವಿಂಚಿನ ಹಲ್ಲುಚಕ್ರ ಈ ಗೂಟದ ಜಾಗಕ್ಕೆ ಬಂದಿದೆ. ನಿಯಮ ಮಾತ್ರ ಅದೇ: ಬೆಣೆ ತೆಗೆಯುವ ಮುಂಚೆ ಹಗ್ಗ ಬಿಗಿಯಾಗಿರಬೇಕು. ಆ ಹಗ್ಗದ ಕೊಕ್ಕೆಯನ್ನು ಅಚ್ಚಿಗೆ ಹಾಕಬೇಕೇ ಹೊರತು ಮೂಕಿಗೆ ಅಲ್ಲ. ಮೂಕಿ ಕುದುರೆಯ ಎಳೆತಕ್ಕೆ ಹದವಾಗಿ ಬಗ್ಗುವ ಮರ, ಕೋನದಲ್ಲಿ ಎಳೆದರೆ ಸೀಳುತ್ತದೆ.

ಈಗ ಗಾಡಿ ಮೇಲಿದೆ, ಬೆಣೆ ಬಿದ್ದಿದೆ. ಬೆಲ್ಟ್ ಎಲ್ಲಿಗೆ ಕಟ್ಟಬೇಕು? ಹೊಸಬರು ಬಹುಮಟ್ಟಿಗೆ ತಪ್ಪುವುದು ಇಲ್ಲೇ. ಕಣ್ಣಿಗೆ ಕಾಣುವುದು ಗಾಡಿಯ ಮೈ. ಅದರ ಮೇಲಿಂದ ಬೆಲ್ಟ್ ಹಾಯಿಸಿ, ರಾಟ್ಚೆಟ್ ತಿರುಗಿಸಿ, ಮೈಯನ್ನು ಹೊತ್ತ ಕಮಾನುಗಳು (ಸ್ಪ್ರಿಂಗ್) ಕುಗ್ಗುವವರೆಗೆ ಬಿಗಿದರೆ ಗಾಡಿ ಅಲುಗುವುದೇ ಇಲ್ಲ ಎನಿಸುತ್ತದೆ. ಆ ಹೊತ್ತಿಗೆ ಅಲುಗುವುದಿಲ್ಲ ನಿಜ.

ಕಮಾನಿನ ಲೆಕ್ಕವನ್ನು ನಮಗೆ ಕೊಟ್ಟವನು ರಾಬರ್ಟ್ ಹುಕ್, 1678ರಲ್ಲಿ. ಹಾಕಿದ ಭಾರಕ್ಕೆ ತಕ್ಕಷ್ಟೇ ಕುಗ್ಗುವಿಕೆ. ಗಾಡಿಯ ಮೈ 250 ಕಿಲೋ ಇದ್ದು ಅದರ ಭಾರಕ್ಕೆ ಕಮಾನುಗಳು 5 ಸೆಂಟಿಮೀಟರ್ ಕುಗ್ಗಿವೆ ಎನ್ನಿ. ಪ್ರತಿ ಸೆಂಟಿಮೀಟರಿಗೆ 50 ಕಿಲೋ. ಬೆಲ್ಟ್ ಬಿಗಿದು ಇನ್ನೂ 4 ಸೆಂಟಿಮೀಟರ್ ಕುಗ್ಗಿಸಿದರೆ ಬೆಲ್ಟುಗಳು 200 ಕಿಲೋ ಬಲದಿಂದ ಮೈಯನ್ನು ಕೆಳಕ್ಕೆ ಒತ್ತಿ ಹಿಡಿದಿವೆ. ಈಗ ಟ್ರೇಲರ್ ಒಂದು ಉಬ್ಬಿನ ಮೇಲೆ ಹಾರಿ, ಮೈಯ ಮೇಲೆ ಅದರ ತೂಕದ 0.8ರಷ್ಟು ಹೆಚ್ಚುವರಿ ಭಾರ ಬಿತ್ತು ಅಂದುಕೊಳ್ಳಿ. ಅದೂ 200 ಕಿಲೋ. ಬೆಲ್ಟು ಮಾಡುತ್ತಿದ್ದ ಕೆಲಸವನ್ನು ಉಬ್ಬೇ ಮಾಡಿಬಿಟ್ಟಿತು, ಬೆಲ್ಟಿನಲ್ಲಿ ಬಿಗಿ ಉಳಿಯಲಿಲ್ಲ. ಇನ್ನೂ ಸ್ವಲ್ಪ ದೊಡ್ಡ ಉಬ್ಬಾದರೆ ಬೆಲ್ಟು ಜೋಲುತ್ತದೆ. ಜೋತ ಬೆಲ್ಟಿನ ಕೊಕ್ಕೆ ಕಳಚಿಕೊಳ್ಳಲು ಅರೆಕ್ಷಣ ಸಾಕು. ಕಳಚಿಕೊಳ್ಳದಿದ್ದರೂ ಕಮಾನು ಮೇಲಕ್ಕೆ ಚಿಮ್ಮಿದಾಗ ಬೆಲ್ಟು ಚಾಟಿಯಂತೆ ಬಿಗಿದು, ಮರದ ಚೌಕಟ್ಟಿನ ಕೂಡುಗಳಿಗೆ ಪೆಟ್ಟು ಕೊಡುತ್ತದೆ. ಅದೂ ಒಂದು ಸಲವಲ್ಲ, ದಾರಿಯುದ್ದಕ್ಕೂ.

ಆದ್ದರಿಂದ ಕಟ್ಟುವುದು ಅಚ್ಚಿಗೆ. ಅಚ್ಚು, ಚಕ್ರ, ಟ್ರೇಲರಿನ ನೆಲ ಈ ಮೂರರ ನಡುವೆ ಕಮಾನಿಲ್ಲ. ಅಲ್ಲಿ ಬಿಗಿದ ಬೆಲ್ಟು ಬಿಗಿದಂತೆಯೇ ಇರುತ್ತದೆ. ಮೈಗೆ ಬೇಕಿದ್ದರೆ ಅತಿಯಾಗಿ ವಾಲದಂತೆ ಒಂದು ಹಗುರ ಪಟ್ಟಿ, ಅಷ್ಟೆ. ಅದು ಕುಣಿಯಲಿ, ಕುಣಿಯಲೆಂದೇ ಅದನ್ನು ಕಟ್ಟಿದ್ದಾರೆ.

ಅಚ್ಚಿಗೆ ಕಟ್ಟುವುದರಲ್ಲೂ ಒಂದು ಸೂಕ್ಷ್ಮವಿದೆ. ಮುಂದಿನ ಅಚ್ಚನ್ನು ಮುಂದಕ್ಕೆ, ಹಿಂದಿನ ಅಚ್ಚನ್ನು ಹಿಂದಕ್ಕೆ ಎಳೆದು ಕಟ್ಟುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಹಳೆಯ ಕಾಲದ ಗಾಡಿಗಳಲ್ಲಿ ಎರಡೂ ಅಚ್ಚುಗಳನ್ನು ಜೋಡಿಸುವ ಉದ್ದನೆಯ ಬೆನ್ನುಮರವೊಂದು ಅಡಿಯಲ್ಲಿ ಇರುತ್ತಿತ್ತು. ಅಂಥ ಗಾಡಿಗೆ ಈ ಕಟ್ಟು ಸರಿ, ಎಳೆತವನ್ನು ಬೆನ್ನುಮರ ಹೊರುತ್ತದೆ. 1804ರಲ್ಲಿ ಇಂಗ್ಲೆಂಡಿನ ಒಬದಾಯ ಎಲಿಯಟ್ ಎರಡು ಬಿಲ್ಲುಗಳನ್ನು ಎದುರುಬದುರು ಸೇರಿಸಿದಂಥ ಕಮಾನನ್ನು ಗಾಡಿಗೆ ಅಳವಡಿಸಿದ. ಆಗ ಆ ಬೆನ್ನುಮರವೇ ಬೇಡವಾಯಿತು, ಗಾಡಿ ಹಗುರವಾಯಿತು, ನೆಲಕ್ಕೆ ಹತ್ತಿರವಾಯಿತು. ಅಂಥ ಗಾಡಿಯ ಎರಡು ಅಚ್ಚುಗಳನ್ನು ಎದುರು ದಿಕ್ಕಿಗೆ ಎಳೆದರೆ ಎಳೆತ ಹಾದು ಹೋಗುವುದು ಎಲ್ಲಿಂದ? ಕಮಾನುಗಳಿಂದ, ಮೈಯಿಂದ. ಗಾಡಿಯನ್ನು ಎರಡು ತುದಿ ಹಿಡಿದು ಹಿಗ್ಗಿಸಿದಂತೆ ಆಗುತ್ತದೆ. ಇಂಥದ್ದಕ್ಕೆ ಪ್ರತಿಯೊಂದು ಅಚ್ಚನ್ನೂ ಬೇರೆಬೇರೆಯಾಗಿ, ಮುಂದಕ್ಕೂ ಹಿಂದಕ್ಕೂ ಕಟ್ಟಬೇಕು. ಎಂಟು ಬೆಲ್ಟು ಬೇಕಾಗುತ್ತದೆ, ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆ. ಇನ್ನೂರು ವರ್ಷ ಹಳೆಯ ವಸ್ತುವಿಗೆ ಅರ್ಧ ಗಂಟೆ ಕೊಡಲಾಗದವರು ಅದನ್ನು ಸಾಗಿಸದಿರುವುದೇ ಒಳ್ಳೆಯದು.

ಬೆಲ್ಟಿನ ಕೋನವನ್ನೂ ನೋಡಬೇಕು. ಮುಂದೆ ನುಗ್ಗುವ 280 ಕಿಲೋ ಬಲವನ್ನು ನೆಲದಿಂದ 45 ಡಿಗ್ರಿಯಲ್ಲಿರುವ ಎರಡೇ ಬೆಲ್ಟುಗಳು ತಡೆಯಬೇಕಾದರೆ ಒಂದೊಂದರಲ್ಲೂ ಸುಮಾರು 200 ಕಿಲೋ ಎಳೆತ ಬರುತ್ತದೆ. ಕೋನ 60 ಡಿಗ್ರಿಗೆ ಏರಿದರೆ ಅದೇ ಕೆಲಸಕ್ಕೆ ಒಂದೊಂದರಲ್ಲೂ 280. ಬೆಲ್ಟು ನೆಟ್ಟಗೆ ನಿಂತಷ್ಟೂ ಅದು ಗಾಡಿಯನ್ನು ನೆಲಕ್ಕೆ ಒತ್ತುತ್ತದೆಯೇ ಹೊರತು ನುಗ್ಗುವುದನ್ನು ತಡೆಯುವುದಿಲ್ಲ. ಬೇರೆ ಸರಕಿಗಾದರೆ ನೆಲಕ್ಕೆ ಒತ್ತಿದರೂ ಘರ್ಷಣೆ ಹೆಚ್ಚಿ ಲಾಭವಾದೀತು. ಘರ್ಷಣೆಯನ್ನು ಕಳೆಯಲೆಂದೇ ಹುಟ್ಟಿದ್ದು ಚಕ್ರ, ಅದರ ಮುಂದೆ ಈ ಉಪಾಯ ನಡೆಯದು.

ಚಕ್ರದ ಅರೆಗಳ ನಡುವೆ ಬೆಲ್ಟ್ ತೂರಿಸಿ ಪಕ್ಕಕ್ಕೆ ಎಳೆದು ಕಟ್ಟುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮರದ ಚಕ್ರ ಚಪ್ಪಟೆಯಲ್ಲ. ಒಂದು ನೇರ ಪಟ್ಟಿ ಹಿಡಿದು ನೋಡಿದರೆ ಅರೆಗಳೆಲ್ಲ ಗುಂಬದಿಂದ ಸ್ವಲ್ಪ ಹೊರಕ್ಕೆ ವಾಲಿ ಇಡೀ ಚಕ್ರ ಆಳವಿಲ್ಲದ ತಟ್ಟೆಯಂತಿರುವುದು ಕಾಣುತ್ತದೆ. ಕಮ್ಮಾರ ಕಬ್ಬಿಣದ ಪಟ್ಟಾವನ್ನು ಬೆಂಕಿಯಲ್ಲಿ ಕಾಯಿಸಿ ಚಕ್ರಕ್ಕೆ ತೊಡಿಸುವುದನ್ನು ನಮ್ಮ ಹಳ್ಳಿಗಳಲ್ಲಿ ಕಂಡವರು ಇನ್ನೂ ಇದ್ದಾರೆ. 1.2 ಮೀಟರ್ ಅಡ್ಡಳತೆಯ ಪಟ್ಟಾದ ಬಿಸಿ 400 ಡಿಗ್ರಿ ಏರಿದರೆ ಅದರ ಸುತ್ತಳತೆ 18 ಮಿಲಿಮೀಟರ್ ಹಿಗ್ಗುತ್ತದೆ. ನೀರು ಹೊಯ್ದಾಗ ಅಷ್ಟೂ ಕುಗ್ಗಲು ನೋಡಿ, ಸುತ್ತಿನ ಮರವನ್ನೂ ಅರೆಗಳನ್ನೂ ಗುಂಬದ ಕಡೆ ಒತ್ತಿ ಹಿಡಿಯುತ್ತದೆ. ಕುದುರೆಯ ಹೆಜ್ಜೆಗೆ ಗಾಡಿ ಎಡಬಲ ತೂಗುವಾಗ ಬರುವ ಪಕ್ಕದ ಒತ್ತಡವನ್ನು ಆ ತಟ್ಟೆಯಾಕಾರ ತಡೆದುಕೊಳ್ಳುತ್ತದೆ. ತಡೆಯುವುದು ಒಂದು ದಿಕ್ಕಿನಿಂದ ಬಂದದ್ದನ್ನು ಮಾತ್ರ. ಎದುರು ದಿಕ್ಕಿಗೆ ಬೆಲ್ಟಿನಿಂದ ಎಳೆದರೆ ತಟ್ಟೆ ಮಗುಚಲು ನೋಡುತ್ತದೆ. ಒಮ್ಮೆ ಅರೆಗಳ ಬುಡ ಸಡಿಲಾದ ಚಕ್ರವನ್ನು ಬಿಚ್ಚಿ ಮತ್ತೆ ಕಟ್ಟಬಲ್ಲವರು ಈಗ ಬಹಳ ಕಡಿಮೆ.

ತಿರುಗುವ ಅಚ್ಚಿನ ಮಾತು ಉಳಿದಿದೆ. ನಾಲ್ಕು ಚಕ್ರದ ಸಾರೋಟಿನ ಮುಂದಿನ ಅಚ್ಚು ಒಂದು ಕಿಂಗ್ ಪಿನ್ನಿನ ಸುತ್ತ ಹೊರಳುತ್ತದೆ. ಮೈಯ ಭಾರವನ್ನು ಹೊತ್ತು ಹೊರಳಲು ಅಲ್ಲೊಂದು ಮಲಗಿದ ಕಬ್ಬಿಣದ ಬಳೆ. ನಾಲ್ಕು ಚಕ್ರದ ಮೇಲೆ ಇದು ಇನ್ನೊಂದಾದ್ದರಿಂದ ಇಂಗ್ಲಿಷಿನವರು ಅದನ್ನು ಐದನೆಯ ಚಕ್ರ, ಫಿಫ್ತ್ ವೀಲ್ ಎಂದರು. ಕಂಟೇನರ್ ಲಾರಿ ಓಡಿಸುವ ನಮ್ಮ ಚಾಲಕರಿಗೆ ಈ ಎರಡೂ ಹೆಸರು ಚೆನ್ನಾಗಿ ಗೊತ್ತು. ಟ್ರೇಲರನ್ನು ಎಂಜಿನ್ನಿಗೆ ಕಚ್ಚಿಸುವ ಜಿಡ್ಡು ಹಚ್ಚಿದ ತಟ್ಟೆಯ ಹೆಸರು ಇಂದಿಗೂ ಫಿಫ್ತ್ ವೀಲ್, ಅದರೊಳಗೆ ಕೂರುವ ಮೊಳೆ ಕಿಂಗ್ ಪಿನ್. ಹೆಸರು ಸುಮ್ಮನೆ ಬರಲಿಲ್ಲ. 1914ರಲ್ಲಿ ಡೆಟ್ರಾಯಿಟಿನ ಮರದ ವ್ಯಾಪಾರಿ ಫ್ರೆಡರಿಕ್ ಸಿಬ್ಲಿ ತನ್ನ ದೋಣಿಯನ್ನು ಫೋರ್ಡ್ ಮಾಡೆಲ್ ಟಿ ಕಾರಿಗೆ ಕಟ್ಟಿ ಸಾಗಿಸಲು ಏನಾದರೂ ಮಾಡಿಕೊಡು ಎಂದು ಕೇಳಿದ್ದು ಆಗಸ್ಟ್ ಫ್ರೂಹಾಫ್‌ನನ್ನು. ಫ್ರೂಹಾಫ್ ಕಮ್ಮಾರ, ಕುದುರೆ ಗಾಡಿ ಕಟ್ಟುವವನು. ಅವನು ಮಾಡಿಕೊಟ್ಟ ಬಂಡಿಯಿಂದ ಸೆಮಿ ಟ್ರೇಲರಿನ ದೊಡ್ಡ ಉದ್ಯಮ ಬೆಳೆಯಿತು. ಟ್ರೇಲರಿನ ಮೇಲೆ ಸಾರೋಟು ಕೂತಾಗ ಮೊಮ್ಮಗನ ಹೆಗಲ ಮೇಲೆ ಅಜ್ಜ ಕೂತಂತೆ. ಅಜ್ಜನ ಅಚ್ಚು ಮಾತ್ರ ಪ್ರತಿ ತಿರುವಿನಲ್ಲೂ ಹೊರಳಲು ನೋಡುತ್ತದೆ, ಅದಕ್ಕೇ ಮುಂದಿನ ಅಚ್ಚಿನ ಎಡ ಬಲ ಎರಡೂ ತುದಿಗೆ ಸಮಬಿಗಿಯ ಬೆಲ್ಟು ಬೇಕು.

ಗಾಡಿಯನ್ನು ಟ್ರೇಲರಿನ ಯಾವ ಜಾಗದಲ್ಲಿ ನಿಲ್ಲಿಸಬೇಕು ಎಂಬುದೂ ತೂಕದ ಪ್ರಶ್ನೆಯೇ. ಕಾರು ಅಥವಾ ಜೀಪಿನ ಹಿಂದೆ ಎಳೆಯುವ ಟ್ರೇಲರಿನಲ್ಲಿ ಒಟ್ಟು ತೂಕದ ನೂರಕ್ಕೆ 10ರಿಂದ 15ರಷ್ಟು ಮುಂದಿನ ಕೊಂಡಿಯ ಮೇಲೆ ಕೂರಬೇಕೆಂಬುದು ಅಮೆರಿಕದ ರೂಢಿ. ಒಟ್ಟು 1,200 ಕಿಲೋ ಇದ್ದರೆ 120ರಿಂದ 180. ಕೊಂಡಿಯ ಮೇಲೆ 150 ಕಿಲೋ ಇತ್ತು, ಕೊಂಡಿಯಿಂದ ಟ್ರೇಲರಿನ ಅಚ್ಚಿಗೆ 4 ಮೀಟರ್ ಎನ್ನಿ. ಬಾಗಿಲಿಗೆ ಹತ್ತಿರವಿದ್ದರೆ ಇಳಿಸಲು ಸುಲಭ ಎಂದು ನಮ್ಮ 350 ಕಿಲೋ ಗಾಡಿಯನ್ನು ಅರ್ಧ ಮೀಟರ್ ಹಿಂದೆ ನಿಲ್ಲಿಸಿದರೆ ಕೊಂಡಿಯ ಭಾರದಲ್ಲಿ 44 ಕಿಲೋ ಇಳಿಯುತ್ತದೆ. ಉಳಿದದ್ದು 106. ನಿಂತ ಟ್ರೇಲರಿನಲ್ಲಿ ಇದು ಕಣ್ಣಿಗೆ ಕಾಣುವುದೇ ಇಲ್ಲ. ವೇಗ ಹಿಡಿದಾಗ ಪಕ್ಕದ ಗಾಳಿಯೋ ಸಣ್ಣ ತಿರುವೋ ಬಾಲವನ್ನು ಒಂದು ಕಡೆ ತಳ್ಳುತ್ತದೆ, ಹಿಂದೆ ಭಾರವಿರುವ ಬಾಲ ಮರಳಿ ಬರುವಾಗ ನಡುವನ್ನು ದಾಟಿ ಇನ್ನೊಂದು ಕಡೆ ಹೋಗುತ್ತದೆ. ಒಂದು ವೇಗದ ಮೇಲೆ ಪ್ರತಿ ತೂಗಾಟವೂ ಹಿಂದಿನದಕ್ಕಿಂತ ದೊಡ್ಡದು. ಹಾವಿನಂತೆ ಹೊರಳುವ ಟ್ರೇಲರ್ ಕೊನೆಗೆ ಎಳೆಯುವ ಜೀಪನ್ನೂ ಕೆಡವುತ್ತದೆ. ಆ ಅರ್ಧ ಮೀಟರನ್ನು ಟೇಪು ಹಿಡಿದು ಅಳೆಯುವುದು ಅತಿ ಎಚ್ಚರಿಕೆಯೇನಲ್ಲ.

ಗಾಳಿಯ ವಿಷಯ ಚಿಕ್ಕದು, ಮರೆತರೆ ದುಬಾರಿ. ಕುದುರೆಯ ನಾಗಾಲೋಟವಿಲ್ಲದ ಸಾಧಾರಣ ಓಟ ಗಂಟೆಗೆ 15 ಕಿಲೋಮೀಟರ್. ಟ್ರೇಲರ್ 90ರಲ್ಲಿ ಹೋಗುತ್ತದೆ. ವೇಗ ಆರು ಪಟ್ಟು, ಗಾಳಿಯ ಒತ್ತಡ ಮೂವತ್ತಾರು ಪಟ್ಟು. ಕುದುರೆಯ ಹಿಂದೆ ಎರಡು ಕಿಲೋ ಕೂಡ ತಳ್ಳದ ಗಾಳಿ ಎತ್ತಿ ನಿಲ್ಲಿಸಿದ ತೊಗಲಿನ ಕಮಾನುಹೊದಿಕೆಯನ್ನು ಈಗ ಎಪ್ಪತ್ತು ಕಿಲೋ ಬಲದಿಂದ ಹಿಂದಕ್ಕೆ ತಳ್ಳುತ್ತದೆ. ಹೊದಿಕೆ ಮಡಚಿ, ದೀಪ, ಮೆತ್ತೆ ಎಲ್ಲವನ್ನೂ ಕಳಚಿ ಒಳಗಿಡಬೇಕು. ಮುಚ್ಚಿದ ಟ್ರೇಲರ್ ಸಿಕ್ಕರೆ ಉತ್ತಮ. ಬಡ್‌ವೈಸರ್ ಬಿಯರಿನ ಹೆಸರಾಂತ ಕ್ಲೈಡ್ಸ್‌ಡೇಲ್ ಕುದುರೆಗಳು 1933ರಿಂದ ಅಮೆರಿಕ ಸುತ್ತುತ್ತಿವೆ. ಅವುಗಳ ಕೆಂಪು ಬಂಡಿ ಊರಿಂದೂರಿಗೆ ಹೋಗುವುದು ಮುಚ್ಚಿದ ದೊಡ್ಡ ಟ್ರೇಲರಿನಲ್ಲೇ.

ಇಷ್ಟಾದರೂ ರಸ್ತೆ ತನ್ನದೇ ತಾಳ ಹಾಕುತ್ತದೆ. 5 ಸೆಂಟಿಮೀಟರ್ ಕುಗ್ಗಿ ಕೂತ ನಮ್ಮ ಕಮಾನು ತನ್ನಷ್ಟಕ್ಕೆ ಸೆಕೆಂಡಿಗೆ ಎರಡು ಸಲಕ್ಕಿಂತ ತುಸು ಹೆಚ್ಚು ಕುಣಿಯುತ್ತದೆ. ಕಾಂಕ್ರೀಟ್ ಹೆದ್ದಾರಿಯ ಹಲಗೆಗಳ ನಡುವೆ ಸುಮಾರು ನಾಲ್ಕೂವರೆ ಮೀಟರಿಗೊಂದು ಕೂಡುಗೆರೆ. ಗಂಟೆಗೆ 36 ಕಿಲೋಮೀಟರಿನಲ್ಲಿ ಹೋದರೆ ಸೆಕೆಂಡಿಗೆ ಎರಡು ಸಲಕ್ಕಿಂತ ತುಸು ಹೆಚ್ಚು ಬಾರಿ ಗೆರೆ ದಾಟುತ್ತೇವೆ. ಎರಡೂ ತಾಳ ಕೂಡಿದರೆ ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದಂತೆ ಗಾಡಿಯ ಕುಣಿತ ಏರುತ್ತಾ ಹೋಗುತ್ತದೆ. ಸಮಸ್ಯೆ ಬಂದಾಗ ಇನ್ನಷ್ಟು ನಿಧಾನ ಮಾಡುವುದೊಂದೇ ಉಪಾಯವೆಂದು ತಿಳಿದವರಿಗೆ ಇದು ಅಚ್ಚರಿ. ವೇಗವನ್ನು ಆ ಬಿಂದುವಿನಿಂದ ಈಚೆಗೋ ಆಚೆಗೋ ಸರಿಸಿದರೂ ಕುಣಿತ ಇಳಿಯುತ್ತದೆ. ಕನ್ನಡಿಯಲ್ಲಿ ಹಿಂದೆ ನೋಡುತ್ತಾ ಓಡಿಸುವವನಿಗೆ ಆ ವೇಗ ಯಾವುದೆಂದು ಮೊದಲ ಅರ್ಧ ಗಂಟೆಯಲ್ಲೇ ಗೊತ್ತಾಗುತ್ತದೆ.

ಮೊದಲ ನಿಲುಗಡೆಯೂ ಬೇಗ ಬರಬೇಕು. ಪಾಲಿಯೆಸ್ಟರ್ ಬೆಲ್ಟು ಎಳೆತಕ್ಕೆ ಸ್ವಲ್ಪ ಹಿಗ್ಗುತ್ತದೆ, ಗಂಟು ಮಡಿಕೆಗಳು ಕೂತುಕೊಳ್ಳುತ್ತವೆ, ಚಕ್ರ ನೆಲದ ರಬ್ಬರಿನಲ್ಲಿ ಒಂದಿಷ್ಟು ಇಳಿಯುತ್ತದೆ. ಅಮೆರಿಕದಲ್ಲಿ ವಾಣಿಜ್ಯ ಲಾರಿಯ ಚಾಲಕ ಮೊದಲ 50 ಮೈಲಿ, ಅಂದರೆ 80 ಕಿಲೋಮೀಟರಿನೊಳಗೆ ಒಮ್ಮೆ ಇಳಿದು ಸರಕಿನ ಕಟ್ಟು ನೋಡಲೇಬೇಕೆಂದು ಕಾನೂನಿದೆ. ಸಾರೋಟು ಸಾಗಿಸುವ ಹವ್ಯಾಸಿಗೆ ಆ ಕಾನೂನು ಹತ್ತದಿದ್ದರೂ ಬೆಲ್ಟಿಗೆ ಅದು ಗೊತ್ತಿಲ್ಲ. ಹೆಬ್ಬೆರಳಿನಿಂದ ಬೆಲ್ಟನ್ನು ತಂಬೂರಿಯ ತಂತಿಯಂತೆ ಮೀಟಿ ನೋಡಬೇಕು. ಒಂದೇ ಉದ್ದದವೆಲ್ಲ ಒಂದೇ ಸ್ವರದಲ್ಲಿ ಗುಂಯ್‌ಗುಟ್ಟಿದರೆ ಬಿಗಿ ಸಮವಾಗಿದೆ. ಒಂದು ಮಂದವಾಗಿ ಬಡಿದರೆ ಅದಕ್ಕೆ ರಾಟ್ಚೆಟ್ಟಿನ ಒಂದು ಹಲ್ಲು ಹೆಚ್ಚು.

ತಲುಪಿದ ಮೇಲೆ ವಿಂಚಿನ ಹಗ್ಗ ಮೊದಲು ಬಿಗಿಯಾಗುತ್ತದೆ, ಆಮೇಲೆ ಬೆಲ್ಟು ಸಡಿಲಾಗುತ್ತದೆ, ಕೊನೆಗೆ ಬೆಣೆ. ಗಾಡಿ ಹುಲ್ಲಿನ ಮೇಲೆ ಇಳಿದು ನಿಂತಾಗ ಅನುಭವಿಗಳು ಕೂಡಲೇ ಕುದುರೆಯನ್ನು ಕರೆಯುವುದಿಲ್ಲ. ಅಚ್ಚಿಗೆ ಜಾಕ್ ಕೊಟ್ಟು ಒಂದೊಂದೇ ಚಕ್ರವನ್ನು ನೆಲದಿಂದ ಎರಡು ಬೆರಳು ಎತ್ತುತ್ತಾರೆ. ಪಟ್ಟಾವನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿ ಕಿವಿಗೊಡುತ್ತಾರೆ, ಅರೆಗಳನ್ನು ಹಿಡಿದು ಅಲುಗಿಸುತ್ತಾರೆ, ಮತ್ತೆ ಅಂಗೈಯಿಂದ ಚಕ್ರವನ್ನು ಒಮ್ಮೆ ತಳ್ಳಿ ಕೈಬಿಡುತ್ತಾರೆ. ಅದು ಸದ್ದಿಲ್ಲದೆ ಸುತ್ತುತ್ತದೆ, ನಿಧಾನವಾಗುತ್ತದೆ, ಭಾರದ ಬದಿ ಕೆಳಗೆ ಬಂದು, ಒಂದಿಷ್ಟು ಹಿಂದೆ ಹೋಗಿ, ಒಂದಿಷ್ಟು ಮುಂದೆ ಬಂದು ನಿಲ್ಲುತ್ತದೆ. ಗುಂಬದೊಳಗೆ ಎಲ್ಲೂ ಹಿಡಿತವಿಲ್ಲ. ಆಗ ಯಾರಾದರೊಬ್ಬರು ಕುದುರೆ ತರಲು ಹೋಗುತ್ತಾರೆ.